ನಲವತ್ತರ ಸೀಸೆ, ನೂರರ ಸಿರಿಂಜು

ನಮ್ಮ ಪಕ್ಕದ ಮನೆಗೆ ಈ ವರ್ಷ ಒಬ್ಬಳು ಸ್ಟಾಫ್ ನರ್ಸ್ ಬಾಡಿಗೆಗೆ ಬಂದಿದ್ದಾಳೆ. ಮೂಡಿಗೆರೆಯೇ ಅವಳ ಮೊದಲ ಪೋಸ್ಟಿಂಗ್. ಮೊನ್ನೆ ಕಾಫಿಗೆ ಬಂದವಳು, ನರ್ಸಾಗಿಯೇ ನಿವೃತ್ತಳಾದ ನಾನು ಸರ್ವೀಸಿನಲ್ಲಿ ಏನೇನು ಮಾಡಿದೆ ಎಂದು ಕೇಳಿದಳು. ಹೆರಿಗೆ, ಲಸಿಕೆ, ಹಾವು ಕಚ್ಚಿದವರು ಎಂದೆಲ್ಲ ಹೇಳಿ, ಕೊನೆಕೊನೆಗೆ ಸಕ್ಕರೆ ಕಾಯಿಲೆಯವರೇ ಹೆಚ್ಚು, ದಿನ ಬೆಳಗಾದರೆ ಇನ್ಸುಲಿನ್ ಎಂದೆ. ಅದೇನು ಬಿಡಿ ಆಂಟಿ, ಎಳೆಯೋದು ಚುಚ್ಚೋದು ಅಷ್ಟೇ ಅಲ್ವಾ ಎಂದಳು. ನಾನು ನಕ್ಕು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಅವಳ ವಯಸ್ಸಿನಲ್ಲಿ ನಾನೂ ಹಾಗೇ ತಿಳಿದಿದ್ದೆ. ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅವಳು ಓದಲಿ, ಅವಳಂಥವರೂ ಓದಲಿ.

ಇನ್ಸುಲಿನ್ ಸೀಸೆಯನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟ್ ಡಿಸ್ಪೆನ್ಸರಿಯಲ್ಲಿ. ಆಗ ಸರ್ಕಾರಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಅಲ್ಲಿ ಫಿಲೋಮಿನಾ ಸಿಸ್ಟರ್ ಎಂಬ ಹಿರಿಯರಿದ್ದರು. ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ, ಸೂಜಿಯ ಮೊನೆಯನ್ನು ಹತ್ತಿಯ ಎಳೆಗೆ ಸವರಿ ನೋಡುತ್ತಿದ್ದ ಕಾಲ ಅದು. ಎಳೆ ಸಿಕ್ಕಿಕೊಂಡರೆ ಮೊನೆ ಮುರುಟಿದೆ ಎಂದರ್ಥ. ಮೊದಲ ದಿನ ನಾನು ಮೋಡದ ಹಾಗೆ ಬೆಳ್ಳಗಿದ್ದ ಸೀಸೆಯನ್ನು ಕೆಮ್ಮಿನ ಔಷಧಿಯಂತೆ ಕುಲುಕಿಬಿಟ್ಟೆ. ಸಿಸ್ಟರ್ ಬೈಯಲಿಲ್ಲ. ಸೀಸೆಯನ್ನು ನನ್ನ ಎರಡು ಅಂಗೈ ನಡುವೆ ಇಟ್ಟು, ಹೊರಗಿನಿಂದ ತಮ್ಮ ಕೈಗಳಿಂದ ಹಿಡಿದು, ಮೆಲ್ಲಗೆ ಹೊರಳಿಸಿದರು. ಕುಲುಕಿದರೆ ನೊರೆ ಬರುತ್ತದೆ, ನೊರೆ ಎಳೆದರೆ ಸಿರಿಂಜಿನಲ್ಲಿ ಔಷಧಿಯ ಬದಲು ಗಾಳಿ ಇರುತ್ತದೆ ಎಂದರು. ಎರಡು ಥರದ್ದನ್ನು ಒಂದೇ ಸಿರಿಂಜಿಗೆ ಎಳೆಯುವಾಗ ತಿಳಿಯಾದದ್ದು ಮೊದಲು, ಮೋಡದಂಥದ್ದು ಆಮೇಲೆ ಎಂದೂ ಅವರೇ ಕಲಿಸಿದರು. ಆ ಕೈಗಳು ಬಹಳ ಬೆಚ್ಚಗಿದ್ದವು. ಅವರು ಕೆಲಸ ಬಿಟ್ಟು ಹೋದ ಮೇಲೆ ನನಗೆ ಹಾಗೆ ಕೈ ಹಿಡಿದು ಕಲಿಸಿದವರು ಯಾರೂ ಸಿಗಲಿಲ್ಲ.

ಸರ್ಕಾರಿ ಕೆಲಸ ಸಿಕ್ಕಿ ನಾಲ್ಕೈದು ಕಡೆ ಸುತ್ತಿದ ಮೇಲೆ ಕಳಸದ ಕಡೆಯ ಒಂದು ಚಿಕ್ಕ ಆಸ್ಪತ್ರೆಗೆ ವರ್ಗವಾಯಿತು. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಊರಿನ ಹೆಸರು ಬೇಡ. ಆಸ್ಪತ್ರೆ ಗುಡ್ಡದ ಮೇಲೆ, ಅದರ ಹಿಂದೆ ನನ್ನ ಕ್ವಾರ್ಟರ್ಸ್. ಬೆಳಿಗ್ಗೆ ಜೀಪುಗಳಲ್ಲಿ ತುಂಬಿ ಬರುವ ಜನ ಒಂದೂವರೆಯ ಬಸ್ಸಿಗೆ ಇಳಿದು ಹೋದರೆ ಮುಗಿಯಿತು. ಡಾಕ್ಟರು ಪೇಟೆಯಲ್ಲಿ ಮನೆ ಮಾಡಿದ್ದರು. ಆಯಾ ಸುಂದರಿ ಕಸ ಗುಡಿಸಿ, ಬರ್ತೀನಿ ಸಿಸ್ಟರ್ ಎಂದು ಹೊರಟ ಮೇಲೆ ಮರುದಿನದವರೆಗೆ ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ. ನಾನು ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ರಜೆಯಲ್ಲಿ ಹೋಗಲು ಒಂದು ಊರೂ ಇರಲಿಲ್ಲ. ಭಾನುವಾರಗಳಂದು ಸುಮ್ಮನೆ ಆಸ್ಪತ್ರೆ ತೆರೆದು ಕಪಾಟು ಒರೆಸುತ್ತಿದ್ದೆ.

ನನ್ನ ಮಾತು ಸಾಲದೆ ಹೋದ ಒಂದು ಪ್ರಸಂಗ ಮೊದಲು ಹೇಳುತ್ತೇನೆ. ತೋಟದ ಕೂಲಿಮನೆಗಳ ಲೈನಿನಲ್ಲಿದ್ದ ಕಮಲ ಎಂಬ ಹೆಂಗಸಿಗೆ ಇನ್ಸುಲಿನ್ ಶುರು ಮಾಡಿದ್ದೆವು. ಸೀಸೆಯನ್ನು ಜೋಪಾನವಾಗಿ ಇಟ್ಟುಕೋ ಎಂದಷ್ಟೇ ಹೇಳಿ ಕಳಿಸಿದೆ. ಆಷಾಢದಲ್ಲಿ ಅವಳ ಸಕ್ಕರೆ ಏರುತ್ತಲೇ ಹೋಯಿತು. ಮನೆಗೆ ಹೋಗಿ ನೋಡಿದರೆ ಸೀಸೆ ಒಲೆಯ ಮೇಲಿನ ಅಟ್ಟದಲ್ಲಿ, ಬೆಂಕಿಪೊಟ್ಟಣದ ಪಕ್ಕದಲ್ಲಿತ್ತು. ಮಳೆಗಾಲದಲ್ಲಿ ಅವರು ಜೋಪಾನ ಮಾಡುವುದನ್ನೆಲ್ಲ ಅಲ್ಲೇ ಇಡುವುದು. ಔಷಧಿ ಬಿಸಿಗೆ ಕೆಟ್ಟಿತ್ತು. ಫ್ರಿಜ್ ಇಲ್ಲದ ಮನೆಯಲ್ಲಿ ಹಸಿ ಮರಳಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು ಅದರೊಳಗೆ ಸೀಸೆ ಇಡುವುದನ್ನು ಅವಳಿಗೆ ತೋರಿಸಿಕೊಟ್ಟೆ. ಫ್ರಿಜ್ ಇರುವ ಮನೆಗಳಲ್ಲಿ ಐಸ್ ಕಟ್ಟುವ ಜಾಗದಲ್ಲಿ ಇಡಬೇಡಿ, ಬಾಗಿಲಿನಲ್ಲಿ ಇಡಿ ಎಂದು ಬಿಡಿಸಿ ಹೇಳುವುದನ್ನು ಆಗ ಕಲಿತೆ. ಕಮಲ ಹುಷಾರಾದಳು. ನನಗೆ ಇನ್ನು ಈ ವಿಷಯದಲ್ಲಿ ಕಲಿಯಲು ಉಳಿದಿಲ್ಲ ಎಂಬ ಧೈರ್ಯ ಬಂತು. ಹಮೀದ್ ಸಾಹೇಬರ ವಿಷಯ ನಡೆದದ್ದು ಅದರ ಮರುವರ್ಷ.

ಹಮೀದ್ ಸಾಹೇಬರು ಸಂಸೆ ರಸ್ತೆಯಲ್ಲಿ ಜೀಪ್ ಗ್ಯಾರೇಜ್ ಇಟ್ಟುಕೊಂಡಿದ್ದವರು. ಆ ಘಟ್ಟದ ದಾರಿಯ ಜೀಪುಗಳ ಅರ್ಧಕ್ಕರ್ಧ ಅವರ ಕೈಯಲ್ಲೇ ಓಡುತ್ತಿದ್ದವು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಮಾತು ಕಡಿಮೆ. ಸಕ್ಕರೆ ತಪಾಸಣೆಗೆ ಬಂದಾಗ ಬೆರಳು ಚುಚ್ಚಿಸಿಕೊಳ್ಳುವ ಮೊದಲು ಗ್ರೀಸಿನ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡು, ಉಗುರನ್ನು ನನಗೆ ತೋರಿಸಿ ಆಮೇಲೆ ಕೂರುತ್ತಿದ್ದರು.

ಮಾತ್ರೆಗೆ ಸಕ್ಕರೆ ಬಗ್ಗದಿದ್ದಾಗ ಡಾಕ್ಟರು ಬೆಳಿಗ್ಗೆ ಹದಿನಾರು ಯೂನಿಟ್ ಇನ್ಸುಲಿನ್ ಬರೆದರು. ನಾವು ಸೀಸೆ ಕೊಟ್ಟೆವು. ಸಿರಿಂಜು ಆಗ ನಮ್ಮಲ್ಲಿ ಮುಗಿದಿತ್ತು. ಸಾಹೇಬರು ಹೊರಗೆ ಎಲ್ಲೋ ತೆಗೆದುಕೊಂಡರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ನಾವು ಕೊಡುತ್ತಿದ್ದ ಸೀಸೆಯಲ್ಲಿ ಒಂದು ಎಂ.ಎಲ್.ಗೆ ನಲವತ್ತು ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಅದರಲ್ಲಿ ಒಂದು ಎಂ.ಎಲ್. ಜಾಗದಲ್ಲಿ ನಲವತ್ತು ಗೀಟು. ಇನ್ನೊಂದು ಥರದ ಔಷಧಿಯಲ್ಲಿ ಅಷ್ಟೇ ಜಾಗಕ್ಕೆ ನೂರು ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು, ನೂರು ಗೀಟಿನದ್ದು. ದೂರದಿಂದ ನೋಡಿದರೆ ಎರಡೂ ಒಂದೇ. ನಲವತ್ತರ ಸೀಸೆಯಿಂದ ನೂರರ ಸಿರಿಂಜಿನಲ್ಲಿ ಎಳೆದರೆ ಬರೆದದ್ದರ ಅರ್ಧವೂ ಮೈಯೊಳಗೆ ಹೋಗುವುದಿಲ್ಲ. ನೂರರ ಔಷಧಿಯನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ.

ಸಾಹೇಬರಿಗೆ ಸಿಕ್ಕಿದ್ದು ಕಿತ್ತಳೆ ಮುಚ್ಚಳದ್ದು. ನಾವ್ಯಾರೂ ನೋಡಲಿಲ್ಲ. ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಹದಿನಾರನ್ನು ಇಪ್ಪತ್ತೆರಡು ಮಾಡಿದರು, ಮತ್ತೆ ಮೂವತ್ತು ಮಾಡಿದರು. ಮೂವತ್ತು ಗೀಟಿಗೆ ಸಕ್ಕರೆ ಒಂದು ಹದಕ್ಕೆ ಬಂತು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಆ ಮೂವತ್ತು ಗೀಟಿನಲ್ಲಿ ನಿಜವಾಗಿ ಹೋಗುತ್ತಿದ್ದುದು ಹನ್ನೆರಡೇ ಯೂನಿಟ್.

ಒಂದು ದಿನ ಸಿರಿಂಜಿನ ಹೊಸ ಪೆಟ್ಟಿಗೆ ಬಂತು. ಸಾಹೇಬರು ಸೀಸೆಗೆಂದು ಬಂದಿದ್ದರು. ಅವರ ಚೀಲದಲ್ಲಿ ಕಿತ್ತಳೆ ಮುಚ್ಚಳ ನನ್ನ ಕಣ್ಣಿಗೆ ಬಿತ್ತು. ತಪ್ಪು ಹಿಡಿದೆನೆಂದು ಒಳಗೊಳಗೇ ಹಿಗ್ಗಿದೆ. ಅದನ್ನು ಕಿತ್ತು ಡಬ್ಬಿಗೆ ಹಾಕಿ, ಕೆಂಪು ಮುಚ್ಚಳದ ಹತ್ತು ಸಿರಿಂಜು ಕೈಗಿಟ್ಟೆ. ಅವರು ಒಂದನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು.

"ಸಿಸ್ಟರ್, ಇದರ ಗೀಟು ಬೇರೆ ಥರ ಇದೆಯಲ್ಲ," ಎಂದರು.

"ಇದೇ ಸರಿಯಾದ್ದು ಸಾಹೇಬ್ರೇ. ಇಷ್ಟು ದಿನ ನೀವು ತಂದಿದ್ದೇ ತಪ್ಪು," ಎಂದೆ.

ಹಾಗಾದರೆ ಮೂವತ್ತೇ ಹಾಕಬೇಕಾ ಎಂದು ಕೇಳಿದರು. ಡಾಕ್ಟರು ಬರೆದದ್ದು ಮೂವತ್ತೇ ಅಲ್ವಾ ಎಂದು ಮುಂದಿನವರನ್ನು ಕರೆದೆ. ಸಿರಿಂಜು ಸರಿಮಾಡಿದ ನನಗೆ, ತಪ್ಪು ಸಿರಿಂಜಿನ ಮೇಲೆ ಏರಿಸಿಕೊಂಡು ಬಂದ ಡೋಸನ್ನು ಇಳಿಸಬೇಕೆಂಬುದು ಹೊಳೆಯಲಿಲ್ಲ. ಸರತಿಯಲ್ಲಿ ನಲವತ್ತು ಜನ ಇದ್ದರು ಎಂದು ಹೇಳಬಹುದು. ಇದ್ದದ್ದೂ ನಿಜ. ಆದರೆ ಕಾರಣ ಅದಲ್ಲ. ನನಗೆ ಗೊತ್ತಿದೆ ಎಂಬ ಹಿಗ್ಗು ಕಾರಣ.

ಮರುದಿನ ಬೆಳಿಗ್ಗೆ ಅವರು ಮೂವತ್ತು ಗೀಟು ಎಳೆದು ಹಾಕಿಕೊಂಡು, ಎಂದಿನಂತೆ ಎರಡು ರೊಟ್ಟಿ ತಿಂದು ಒಂದು ಜೀಪಿನ ಕೆಳಗೆ ಮಲಗಿದರು. ಹತ್ತು ಗಂಟೆ ಹೊತ್ತಿಗೆ ಎಸ್ಟೇಟಿನ ಡ್ರೈವರೊಬ್ಬ ಗಾಡಿ ಒಯ್ಯಲು ಬಂದ. ಜೀಪಿನ ಕೆಳಗಿನಿಂದ ಎರಡು ಕಾಲು ಹೊರಗೆ ಕಾಣುತ್ತಿದ್ದವು. ಮೆಕ್ಯಾನಿಕ್ ಜೀಪಿನ ಕೆಳಗಿದ್ದರೆ ಯಾರಿಗೆ ಏನು ಅನ್ನಿಸೀತು? ಬೀಡಿ ಹಚ್ಚಿ ಕಲ್ಲಿನ ಮೇಲೆ ಕೂತ. ಎರಡು ಸಲ ಕೂಗಿದ, ಉತ್ತರವಿಲ್ಲ. ಸಾಹೇಬರು ಮೊದಲೇ ಮಾತು ಕಡಿಮೆಯವರು. ಬೀಡಿ ಮುಗಿದ ಮೇಲೆ ಬಗ್ಗಿ ನೋಡಿದಾಗ ಅಂಗಿ ಪೂರಾ ಬೆವರಿನಲ್ಲಿ ನೆನೆದಿತ್ತು, ಹಲ್ಲು ಕಚ್ಚಿಕೊಂಡಿತ್ತು.

ಅದೇ ಜೀಪಿನಲ್ಲಿ ಹಾಕಿಕೊಂಡು ಬಂದರು. ಯಾರೋ ಬಾಯಿಗೆ ಸಕ್ಕರೆ ನೀರು ಬಿಡಲು ಹೊರಟಿದ್ದನ್ನು ಆ ಡ್ರೈವರ್ ತಡೆದಿದ್ದ. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಟ್ಟರೆ ಉಸಿರುನಾಳಕ್ಕೆ ಹೋಗುತ್ತದೆ. ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಸಕ್ಕರೆ ಮೂವತ್ತೆಂಟಕ್ಕೆ ಬಿದ್ದಿತ್ತು. ನರ ಹುಡುಕಿ ಡೆಕ್ಸ್ಟ್ರೋಸ್, ಎಂದರೆ ಸಕ್ಕರೆಯ ದ್ರಾವಣ, ಏರಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನನ್ನು ನೋಡಿ, ಗಾಡಿ ಯಾರು ತಗೊಂಡು ಹೋದ್ರು ಎಂದು ಕೇಳಿದರು. ಆ ಇನ್ಸುಲಿನ್ ಬಹಳ ಹೊತ್ತು ಕೆಲಸ ಮಾಡುವಂಥದ್ದು, ಸಕ್ಕರೆ ಮತ್ತೆ ಕುಸಿಯಬಹುದು ಎಂದು ಡಾಕ್ಟರು ಅವರನ್ನು ಮರುದಿನದವರೆಗೆ ಇರಿಸಿಕೊಂಡರು.

ಟ್ರೇ ತೊಳೆಯುವಾಗ ನನಗೆ ಹೊಳೆಯಿತು. ನಲ್ಲಿ ನಿಲ್ಲಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೇರ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಚಿಕ್ಕ ವಯಸ್ಸಿನವರು, ಮುಂದೆ ಓದಲು ಪರೀಕ್ಷೆ ಕಟ್ಟಿದ್ದವರು. ಡೋಸನ್ನು ತಕ್ಷಣ ಹನ್ನೆರಡಕ್ಕೆ ಇಳಿಸಿದರು. ಆಮೇಲೆ ರಿಜಿಸ್ಟರ್ ಎಳೆದುಕೊಂಡರು.

"ತಿಂಡಿ ಸಾಲದೆ ಹೀಗಾಯ್ತು ಅಂತ ಬರೆಯೋಣ ಸಿಸ್ಟರ್. ಡೋಸ್ ಏರಿಸಿದ್ದು ನಾನು, ಸಿರಿಂಜು ಕೊಟ್ಟಿದ್ದು ನೀವು. ವಿಚಾರಣೆ ಬಂದ್ರೆ ಇಬ್ಬರಿಗೂ ಬರುತ್ತೆ."

ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ರಿಜಿಸ್ಟರಿನಲ್ಲಿ ಹಾಗೆಯೇ ಬರೆದದ್ದು ನನ್ನ ಕೈ.

ಸಾಹೇಬರಿಗೂ ಅದನ್ನೇ ಹೇಳಿದೆವು. ಎರಡು ರೊಟ್ಟಿ ತಿಂದಿದ್ದೆ ಎಂದರು. ಸಾಲಲಿಲ್ಲ ಎಂದರು ಡಾಕ್ಟರು. ಸಾಹೇಬರು ತಲೆ ತಗ್ಗಿಸಿ ಒಪ್ಪಿಕೊಂಡರು. ಹಳೆಯ ಮೂವತ್ತು ಈಗ ಹನ್ನೆರಡು ಏಕಾಯಿತು ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕೆಲವು ತಿಂಗಳಿಗೆ ಡಾಕ್ಟರು ಓದಲು ಹೋದರು. ಆಮೇಲೆ ಆ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಕ್ವಾರ್ಟರ್ಸಿನಲ್ಲಿ ಒಬ್ಬಳಿಗೆ ಅನ್ನ ಬೇಯಿಸಿಕೊಂಡು ತಟ್ಟೆಯ ಮುಂದೆ ಕೂತರೆ ಜೀಪಿನ ಕೆಳಗಿನ ಕಾಲು ನೆನಪಾಗುತ್ತಿತ್ತು. ಯಾರಿಗಾದರೂ ಹೇಳಬೇಕೆನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಸುಂದರಿಗೆ ಹೇಳಿದರೆ ಸಂಜೆಯೊಳಗೆ ಸಂಸೆ ತಲುಪುತ್ತದೆ. ಫಿಲೋಮಿನಾ ಸಿಸ್ಟರ್ ಎಲ್ಲಿದ್ದಾರೋ ಗೊತ್ತಿರಲಿಲ್ಲ. ಆ ಒಂಟಿತನ ಮೊದಲಿನದರಂತೆ ಇರಲಿಲ್ಲ. ಮೊದಲು ಮಾತಾಡಲು ಜನ ಇರಲಿಲ್ಲ. ಈಗ ಜನರ ನಡುವೆ ಇದ್ದಾಗಲೂ ಬಾಯಿಗೆ ಬೀಗ ಹಾಕಿಕೊಂಡಂತೆ ಇತ್ತು.

ಸಾಹೇಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಸಕ್ಕರೆ ಮುನ್ನೂರರ ಮೇಲೆಯೇ. ಹಾಕ್ಕೊಳ್ತಾ ಇದ್ದೀರಾ ಎಂದರೆ ಹೂಂ ಎನ್ನುತ್ತಿದ್ದರು. ನಂಬಿದ ಹಾಗೆ ಮಾಡಿದೆ. ಅವರು ಹಾಕಿಕೊಳ್ಳುತ್ತಿರಲಿಲ್ಲ. ಎಷ್ಟು ತಿಂದರೆ ಸಾಕು ಎಂಬುದು ಗೊತ್ತಾಗದೆ, ಒಬ್ಬನೇ ಇರುವಾಗ ಮತ್ತೆ ಹಾಗೆ ಬಿದ್ದರೆ ಎಂಬ ಭಯಕ್ಕೆ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟು ಬಿಟ್ಟಿದ್ದರು. ಒಂದು ದಿನ ಕಾಲಿನ ಮೇಲೆ ಜಾಕ್ ಬಿತ್ತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾಗಿದ್ದ ಕಾಲು. ನೋವಾಗಲಿಲ್ಲವಾದ್ದರಿಂದ ಬೂಟು ಬಿಚ್ಚಿ ನೋಡಲಿಲ್ಲ. ಆಸ್ಪತ್ರೆಗೆ ಬಂದಾಗ ಎರಡು ಬೆರಳು ಕಪ್ಪಾಗಿದ್ದವು. ಮಂಗಳೂರಿಗೆ ಕಳಿಸಿದೆವು. ಎರಡೂ ಬೆರಳು ತೆಗೆದರು.

ಅವರು ಮರಳಿದ ಮೇಲಿನ ಭಾನುವಾರ ನಾನು ಸಂಸೆ ಬಸ್ಸು ಹತ್ತಿದೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು. ಸಾಹೇಬರು ಟೈರಿನ ಮೇಲೆ ಕೂತು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದರು. ಎದ್ದು ನಿಂತು ಕುರ್ಚಿ ಒರೆಸಿದರು. ನಾನು ಕೂರಲಿಲ್ಲ. ಎರಡು ಸಿರಿಂಜು ತೆಗೆದು ಜೀಪಿನ ಬಾನೆಟ್ಟಿನ ಮೇಲಿಟ್ಟೆ, ಒಂದು ಕೆಂಪು, ಒಂದು ಕಿತ್ತಳೆ. ಒಂದು ಲೋಟ ನೀರು ಕೇಳಿದೆ. ಎರಡರಲ್ಲೂ ಮೂವತ್ತು ಗೀಟಿನವರೆಗೆ ನೀರು ಎಳೆದು ಅಕ್ಕಪಕ್ಕ ಹಿಡಿದೆ. ಕೆಂಪು ಮುಚ್ಚಳದ್ದರಲ್ಲಿ ಮುಕ್ಕಾಲು ಕೊಳವೆ ನೀರಿತ್ತು, ಕಿತ್ತಳೆಯದ್ದರಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನಾನು ಹೇಳುವ ಮೊದಲೇ, "ಎರಡೂವರೆ ಪಟ್ಟು," ಎಂದರು.

"ಹೌದು. ಅವತ್ತು ನೀವು ಬಿದ್ದಿದ್ದು ತಿಂಡಿ ಸಾಲದೆ ಅಲ್ಲ ಸಾಹೇಬ್ರೇ. ನಾನು ಸಿರಿಂಜು ಬದಲಿಸಿದೆ, ಡೋಸ್ ಇಳಿಸೋದಕ್ಕೆ ಹೇಳಲಿಲ್ಲ. ಆಮೇಲೆ ಸುಳ್ಳು ಬರೆದೆ."

"ನಾನು ಕೇಳಿದ್ದೆನಲ್ಲ ಸಿಸ್ಟರ್, ಗೀಟು ಬೇರೆ ಥರ ಇದೆ ಅಂತ."

"ಕೇಳಿದ್ರಿ."

"ಇದೇ ಸರಿ ಅಂದ್ರಿ."

"ಅಂದೆ."

ಅವರು ಪಟ್ಟಿ ಕಟ್ಟಿದ ಕಾಲನ್ನು ನೋಡಿಕೊಂಡರು. "ಎಂಟು ತಿಂಗಳು ನಾನು ನನ್ನ ಹೊಟ್ಟೆಗೇ ಬೈಕೊಂಡೆ," ಎಂದರು. ಆಮೇಲೆ, ಈಗ ಹೋಗಿ ಸಿಸ್ಟರ್ ಎಂದರು. ಧ್ವನಿ ಏರಿಸಲಿಲ್ಲ. ವಾಪಸು ಬಸ್ಸಿಗೆ ಎರಡು ಗಂಟೆ ಇತ್ತು. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಕಾದೆ. ಗ್ಯಾರೇಜಿನೊಳಗಿಂದ ಸ್ಪ್ಯಾನರಿನ ಸದ್ದೂ ಬರಲಿಲ್ಲ.

ಮೂರು ವಾರ ಅವರು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ನಾಲ್ಕನೇ ವಾರ ಒಂದು ಬೆಳಿಗ್ಗೆ, ಚೀಟಿ ಬರೆಯುವ ಕಿಟಕಿ ತೆರೆಯುವ ಮೊದಲೇ, ಜಗಲಿಯಲ್ಲಿ ಕೂತಿದ್ದರು. ಕೈ ತೊಳೆದುಕೊಂಡು ಬಂದಿದ್ದರು. ಸೀಸೆ, ಸಿರಿಂಜು ಮೇಜಿನ ಮೇಲಿಟ್ಟರು.

"ಬ್ರೇಕ್ ಸರಿ ಮಾಡಿಕೊಟ್ಟ ಗಾಡಿ ಇಳಿಜಾರಿನಲ್ಲಿ ಹೋಗಿ ಬಿದ್ರೆ, ತಪ್ಪು ನಂದು ಅಂತ ನಾನು ಆ ಮನೆಗೆ ಹೋಗಿ ಹೇಳ್ತಿದ್ನಾ ಅಂತ ಯೋಚನೆ ಮಾಡ್ತಾ ಇದ್ದೆ," ಎಂದರು. "ಹೇಳ್ತಿದ್ನೋ ಇಲ್ವೋ, ಗೊತ್ತಾಗಲಿಲ್ಲ. ಇರಲಿ. ಈಗ ನಾನು ಎಳೀತೀನಿ. ನೀವು ನೋಡಿ, ಬಾಯಿಬಿಟ್ಟು ಹೇಳಿ."

ಸೀಸೆ ನಲವತ್ತರದ್ದು, ಮುಚ್ಚಳ ಕೆಂಪು, ಹನ್ನೆರಡು ಗೀಟು, ಗುಳ್ಳೆ ಇಲ್ಲ ಎಂದು ನಾನು ಒಂದೊಂದಾಗಿ ಹೇಳಿದೆ. ಅವರು ಹೊಟ್ಟೆಯ ಬಲಗಡೆ ಹಾಕಿಕೊಂಡರು. ನಿನ್ನೆ ಹಾಕಿದ ಜಾಗದಲ್ಲೇ ಮತ್ತೆ ಹಾಕಬಾರದು, ಗಂಟು ಕಟ್ಟುತ್ತದೆ ಎಂದು ತೋರಿಸಿದೆ. ಕೈ ನಡುಗಿದರೆ, ಬೆವರಿದರೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆ ಪೊಟ್ಟಣವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ, ಕೋಣೆಯಲ್ಲಿ ಅಲ್ಲ ಎಂದೆ. ಒಬ್ಬರೇ ಇರುವವರಿಗೆ ಇಷ್ಟು ಸಾಲದು ಎನ್ನಿಸಿ, ದಿನಾ ತಿಂಡಿ ಆದ ಮೇಲೆ ನನಗೊಂದು ಫೋನ್ ಮಾಡಿ ಎಂದೆ. ಮಾಡಿದರು. ಎಂಟು ಗಂಟೆಗೆ ಫೋನ್ ಬರುತ್ತಿತ್ತು. ಎಷ್ಟು ಗೀಟು, ಏನು ತಿಂದೆ, ಇಷ್ಟೇ. ಒಂದು ನಿಮಿಷಕ್ಕಿಂತ ಹೆಚ್ಚು ಎಂದೂ ಮಾತಾಡಲಿಲ್ಲ. ಆ ಒಂದು ನಿಮಿಷದಲ್ಲಿ ನಾನು ಏನು ತಿಂದೆನೆಂದು ಅವರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಹಳೆಯ ಸಿರಿಂಜು ತೋರಿಸದೆ ಯಾರಿಗೂ ಹೊಸದು ಕೊಡಲಿಲ್ಲ. ಸೀಸೆ, ಸಿರಿಂಜು ಎರಡರ ಮೇಲಿನ ಅಂಕಿಯನ್ನೂ ಅವರಿಂದಲೇ ಓದಿಸಿದೆ. ಓದು ಬಾರದವರಿಗೆ ಬಣ್ಣ ಹೇಳಿಸಿದೆ. ನನ್ನೆದುರಿಗೇ ಎಳೆದು ತೋರಿಸಿ ಎಂದೆ. ಸರತಿ ನಿಧಾನವಾಯಿತು. ಸಿಸ್ಟರಿಗೆ ವಯಸ್ಸಾಯಿತು ಎಂದು ಜನ ಗೊಣಗಿದರು. ಹೊಸ ಡಾಕ್ಟರೂ ಒಂದೆರಡು ಸಲ ಗಡಿಯಾರ ನೋಡಿದರು.

ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ ಸಾಹೇಬರು ಗ್ಯಾರೇಜ್ ಮುಚ್ಚಿದರು. ಆ ಕಾಲಿನಲ್ಲಿ ಕ್ಲಚ್ ಒತ್ತಿದರೆ ಹಿಡಿತ ಸಿಗುತ್ತಿರಲಿಲ್ಲ. ತಾನು ಓಡಿಸಿ ನೋಡದ ಗಾಡಿಯನ್ನು ಕೊಡುವುದಿಲ್ಲ ಎಂಬುದು ಅವರ ಹಟ. ಘಟ್ಟದ ಕೆಳಗೆ ಬೆಳ್ತಂಗಡಿಯ ಕಡೆ ತಂಗಿಯ ಮನೆ ಇತ್ತು. ಹೊರಡುವ ದಿನ ಚೀಲದ ಸಮೇತ ಆಸ್ಪತ್ರೆಗೆ ಬಂದು, ಅಲ್ಲಿಯ ಸಿಸ್ಟರಿಗೆ ತೋರಿಸಲು ಒಂದು ಚೀಟಿ ಬರೆದುಕೊಡಿ ಎಂದರು. ಸೀಸೆ ಯಾವುದು, ಸಿರಿಂಜು ಯಾವುದು, ಡೋಸ್ ಎಷ್ಟು ಎಂದು ಬರೆದೆ. ಕೆಳಗೆ ಜಾಗ ಉಳಿದಿತ್ತು. ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟದ್ದನ್ನು ಅಲ್ಲಿ ಬರೆದೆ. ತಪ್ಪು ಸಿರಿಂಜಿನ ಮೇಲೆ ಡೋಸ್ ಏರಿತ್ತು, ಸಿರಿಂಜು ಬದಲಿಸಿದಾಗ ನಾನು ಡೋಸ್ ನೋಡಲಿಲ್ಲ, ಇವರು ಪ್ರಜ್ಞೆ ತಪ್ಪಿದ್ದು ಅದರಿಂದ ಎಂದು. ಸಿರಿಂಜು ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ ಎಂದು ಕೊನೆಯ ಸಾಲು ಬರೆದು ಸಹಿ ಹಾಕಿದೆ.

ಸಾಹೇಬರು ಅದನ್ನು ನನ್ನಿಂದಲೇ ಓದಿಸಿಕೊಂಡರು. ಅವರು ಚೀಟಿಯನ್ನು ಮಡಚಿ, "ನಿಮ್ಮ ಸಹಿ ಇದೆ ಸಿಸ್ಟರ್. ತೋರಿಸಲಾ?" ಎಂದು ಕೇಳಿದರು. ತೋರಿಸಿ ಎಂದೆ. ಬಸ್ಸು ಬಂತು. ಕಾಲು ಮೊದಲು ಇಟ್ಟು ಆಮೇಲೆ ಚೀಲ ಎಳೆದುಕೊಂಡರು. ಮರುದಿನದಿಂದ ಎಂಟು ಗಂಟೆಗೆ ಫೋನ್ ಬರಲಿಲ್ಲ. ಅಲ್ಲಿ ಅವರನ್ನು ನೋಡಿಕೊಳ್ಳುವವರಿದ್ದರು.

ನಿವೃತ್ತಿಯಾಗಿ ಮೂಡಿಗೆರೆಗೆ ಬಂದು ಸಾಮಾನು ಬಿಚ್ಚುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯ ಸಿಸ್ಟರ್. ಹಮೀದ್ ಸಾಹೇಬರೇ ನಂಬರ್ ಕೊಟ್ಟರಂತೆ. ಚೀಟಿ ಓದಿದ ಮೇಲೆ ತಮ್ಮಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆಲ್ಲ ಸಿರಿಂಜು ತಂದು ತೋರಿಸಲು ಹೇಳಿದಳಂತೆ. ಇಬ್ಬರ ಬಳಿ ನಲವತ್ತರ ಸೀಸೆಗೆ ಕಿತ್ತಳೆ ಮುಚ್ಚಳದ ಸಿರಿಂಜು ಇತ್ತು. ಇಬ್ಬರ ಡೋಸೂ ಏರುತ್ತಾ ಬಂದಿತ್ತು.

"ಕೆಂಪು ಮುಚ್ಚಳದ್ದು ಕೊಡೋಕೆ ಕೈಗೆ ತಗೊಂಡಿದ್ದೆ ಸಿಸ್ಟರ್," ಎಂದಳು. "ಆಮೇಲೆ ನಿಮ್ಮ ಕೊನೆಯ ಸಾಲು ನೆನಪಾಗಿ ಡಾಕ್ಟರನ್ನ ಕರೆದೆ. ಇಬ್ಬರಿಗೂ ಡೋಸ್ ಇಳಿಸಿ ಕೊಟ್ಟಿದ್ದೀವಿ. ಚೆನ್ನಾಗಿದ್ದಾರೆ."

ಆ ಇಬ್ಬರ ಹೆಸರು ಹೇಳಮ್ಮ ಎಂದೆ. ಹೇಳಿದಳು. ಒಬ್ಬರು ಬೀಡಿ ಕಟ್ಟುವ ಹೆಂಗಸು, ಇನ್ನೊಬ್ಬರು ಶಾಲೆಯಲ್ಲಿ ಅಡುಗೆ ಮಾಡುವವರು. ಆ ಹೆಸರುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಅವರನ್ನು ನಾನು ನೋಡಿಲ್ಲ. ಅವರಿಗೆ ನನ್ನ ಹೆಸರು ಗೊತ್ತಿಲ್ಲ.